ಕ್ಲಾಸೆಟ್ಟಿನಲ್ಲಿ ಕೂತು ಪಾರ್ಲಿಮೆಂಟ್ ನಡೆಸಿದ್ದು

“ನಿಮ್ಮದು ಹೇಗೂ ಬ್ರಿಟಿಷ್ ಇಂಗ್ಲಿಷ್ ಅಲ್ವಾ? ಸ್ಕಾಟ್ಲೆಂಡಿನವರ ಮಾತು ನಿಮಗೆ ಸಲೀಸು ಬಿಡಿ,” ಎಂದು ನಮ್ಮ ಕಂಪನಿಯ ಕೋಆರ್ಡಿನೇಟರ್ ಫೋನಿನಲ್ಲಿ ಹೇಳಿದಾಗಲೇ ನನಗೆ ಸಿಟ್ಟು ಬರಬೇಕಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿಗೂ ಎಡಿನ್‌ಬರೋದವರ ಇಂಗ್ಲಿಷಿಗೂ ಎಲ್ಲಿಂದೆಲ್ಲಿಯ ಸಂಬಂಧ? ಡಾಲಸ್‌ನ ಆಫೀಸಿನಲ್ಲಿ ಕೂತ ಆ ಮನುಷ್ಯನಿಗೆ ಸಮುದ್ರದಾಚೆ ಇರುವುದೆಲ್ಲ ಒಂದೇ. ಆದರೆ ಆ ಕೆಲಸ ನನಗೆ ಬೇಕಿತ್ತು, ಅದಕ್ಕೇ ನಕ್ಕು ಸುಮ್ಮನಾದೆ. ಸಿಟ್ಟಿಗೆ ಮುಂದೆ ಬೇಕಾದಷ್ಟು ಅವಕಾಶ ಸಿಕ್ಕಿತು.

ನಾನು ಲೈವ್ ಕ್ಯಾಪ್ಷನ್ ಮಾಡುತ್ತಿದ್ದೆ. ಕಿವಿ ಕೇಳದವರಿಗಾಗಿ, ಯಾರೋ ಮಾತನಾಡುತ್ತಿರುವಾಗಲೇ ಆ ಮಾತನ್ನು ಅಕ್ಷರವಾಗಿ ಪರದೆಯ ಮೇಲೆ ತರುವ ಕೆಲಸ. ಕೆಲವರು ಇದನ್ನು ಕೋರ್ಟಿನ ಸ್ಟೆನೋ ಯಂತ್ರದಲ್ಲಿ ಬೆರಳಿನಿಂದ ಮಾಡುತ್ತಾರೆ. ನನ್ನದು ಬಾಯಿಯ ಕೆಲಸ. ಹೆಡ್‌ಫೋನಿನಲ್ಲಿ ಬಂದ ಮಾತನ್ನು ಎರಡು ಮೂರು ಪದ ಹಿಂದೆ ಇದ್ದುಕೊಂಡು, ಏರಿಳಿತವಿಲ್ಲದ ದನಿಯಲ್ಲಿ, ಮೈಕಿನಲ್ಲಿ ಮತ್ತೆ ಹೇಳಬೇಕು. ನನ್ನ ದನಿಗೆ ಪಳಗಿದ ಸಾಫ್ಟ್‌ವೇರ್ ಅದನ್ನು ಬರಹ ಮಾಡುತ್ತದೆ. ಕಾಮಾವನ್ನೂ, ಪೀರಿಯಡ್ ಎಂದು ಪೂರ್ಣವಿರಾಮವನ್ನೂ ಬಾಯಲ್ಲೇ ಹೇಳಬೇಕು. ಮಾತನಾಡುವವರು ಬದಲಾದರೆ ಒಂದು ಕೀ ಒತ್ತಿ, ಹೊಸ ಸಾಲಿನಲ್ಲಿ ಅವರ ಹೆಸರು ತರಬೇಕು. ಕೇಳುವುದು, ಹೇಳುವುದು, ಒತ್ತುವುದು ಎಲ್ಲವೂ ಒಟ್ಟಿಗೇ ನಡೆಯಬೇಕು. ಹದಿನೈದಿಪ್ಪತ್ತು ನಿಮಿಷವಾದರೆ ತಲೆ ಮೊಸರಾಗುತ್ತದೆ. ಆದ್ದರಿಂದ ದೊಡ್ಡ ಕೆಲಸಕ್ಕೆ ಯಾವಾಗಲೂ ಇಬ್ಬರು, ಸರದಿಯ ಮೇಲೆ.

ಡಾಲಸ್ ಪಕ್ಕದ ಅಲೆನ್‌ನ ನಮ್ಮ ಮನೆಯಲ್ಲಿ ನನ್ನ ಸ್ಟುಡಿಯೋ ಎಂದರೆ ಬೆಡ್‌ರೂಮಿನ ವಾಕ್-ಇನ್ ಕ್ಲಾಸೆಟ್, ಬಟ್ಟೆಬರೆಯ ಪುಟ್ಟ ಕೋಣೆ. ಸುತ್ತಲೂ ಹ್ಯಾಂಗರಿನಲ್ಲಿ ಸೀರೆಗಳು, ಗಂಡನ ಕೋಟುಗಳು ನೇತಾಡುತ್ತವೆ. ಶಬ್ದ ಹೀರುವುದಕ್ಕೆ ರೇಷ್ಮೆ ಸೀರೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಗಂಡನ ವೀಸಾದ ಬೆನ್ನಿಗೆ ಬಂದ ನನ್ನಂಥವರಿಗೆ ದುಡಿಯುವ ಅನುಮತಿ ಸಿಕ್ಕಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಈ ಕೆಲಸ ಕೊಡಿಸಿದವರು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ ಒಬ್ಬ ಆಂಟಿ. ಅವರೂ ಮೈಸೂರಿನವರೇ, ವರ್ಷಗಟ್ಟಲೆ ಕೋರ್ಟಿನಲ್ಲಿ ಸ್ಟೆನೋ ಮಾಡಿದವರು. ನನ್ನ ಜೊತೆ ಸರದಿಗೆ ನಿಲ್ಲುತ್ತಿದ್ದವರೂ ಅವರೇ.

ಈಗ ಈ ಕೆಲಸದ ವಿಷಯ. ಆಸ್ಟಿನ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ನೀತಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಗೆ ಲೈವ್ ಕ್ಯಾಪ್ಷನ್ ಬೇಕಿತ್ತು. ಹುಡುಗಿ ವಿಜಯಪುರದವಳು. ಹೈಸ್ಕೂಲಿನಲ್ಲಿದ್ದಾಗ ಜ್ವರ ಬಂದು ಕಿವಿ ಹೋಯಿತಂತೆ. ಮಾತು ಸ್ವಚ್ಛವಾಗಿದೆ, ತುಟಿ ನೋಡಿ ಕನ್ನಡ, ಉರ್ದು ಎರಡನ್ನೂ ಓದುತ್ತಾಳೆ. ಆದರೆ ಟೆಕ್ಸಸ್‌ನವರ ತುಟಿ ಅವಳಿಗೆ ಬಗ್ಗುತ್ತಿರಲಿಲ್ಲ. ತರಗತಿಯ ಧ್ವನಿ ವ್ಯವಸ್ಥೆ ಪರೀಕ್ಷಿಸಲು ನಾನು ಆಸ್ಟಿನ್‌ಗೆ ಹೋದಾಗ ನನ್ನ ಹೆಸರು ನೋಡಿ ಕನ್ನಡದಲ್ಲೇ ಶುರು ಮಾಡಿದಳು.

“ನೋಡ್ರಿ ಅಕ್ಕಾ, ಇವತ್ತಿನ ಮಾತು ಎಲ್ಲಾರೂ ಇವತ್ತೇ ಕೇಳ್ತಾರ. ನನಗ ಮಾತ್ರ ನಾಳೆ ನೋಟ್ಸ್ ಕೊಡ್ತಾರ. ಓದಿದ ಮ್ಯಾಲೆ ಏನರ ಕೇಳಬೇಕು ಅನಸ್ತದ. ಅಷ್ಟರಾಗ ಮಂದಿ ಮುಂದಿನ ಪಾಠಕ್ಕ ಹೋಗಿಬಿಟ್ಟಿರ್ತಾರ. ಎರಡು ಸೆಮಿಸ್ಟರ್ ಹಿಂಗೇ ಬಾಯಿ ಮುಚ್ಕೊಂಡು ಕುಂತೀನ್ರಿ.”

ಅಂಗವಿಕಲ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಆಫೀಸಿನ ಬಾಗಿಲನ್ನು ಅವಳು ಬಡಿದು ಬಡಿದ ಮೇಲೆ, ಕೊನೆಗೆ ಅವರು ಒಂದು ದಿನದ ಪ್ರಯೋಗಕ್ಕೆ ಒಪ್ಪಿದ್ದರು. ಆ ದಿನ ಸರಿಹೋದರೆ ಉಳಿದ ಪಾಠಗಳಿಗೆಲ್ಲ ಲೈವ್ ಕ್ಯಾಪ್ಷನ್. ಇಲ್ಲದಿದ್ದರೆ ಹಳೆಯ ಪದ್ಧತಿ, ನಾಳೆ ನೋಟ್ಸ್.

ಆ ದಿನ ಯಾವುದು ಎಂದರೆ, ಸ್ಕಾಟ್ಲೆಂಡಿನ ಪಾರ್ಲಿಮೆಂಟಿನಲ್ಲಿ ಯುರೋಪ್ ಒಕ್ಕೂಟದಲ್ಲಿ ತಮ್ಮ ನಾಡಿನ ಸ್ಥಾನ ಏನು ಎಂಬ ಚರ್ಚೆ ನಡೆಯುವ ದಿನ. ಬ್ರಿಟನ್ ಒಟ್ಟಾರೆಯಾಗಿ ಒಕ್ಕೂಟ ಬಿಡಲು ಮತ ಹಾಕಿತ್ತು, ಅದರೊಳಗಿನ ಸ್ಕಾಟ್ಲೆಂಡ್ ಉಳಿಯಲು ಹಾಕಿತ್ತು. ಎಡಿನ್‌ಬರೋದ ಸದನ ಏನೇ ನಿರ್ಣಯ ಮಾಡಿದರೂ ಕೊನೆಯ ಮಾತು ಲಂಡನ್ನಿನದು. ಹಾಗಿದ್ದೂ ಇಡೀ ಸದನ ಕೂತು ಚರ್ಚಿಸುತ್ತದೆ, ಮತ ಹಾಕುತ್ತದೆ. ಯಾಕೆ ಎಂಬುದೇ ಆ ಪ್ರೊಫೆಸರರ ಪಾಠ. ಎಡಿನ್‌ಬರೋದ ಮಧ್ಯಾಹ್ನ ನಮಗೆ ಬೆಳಿಗ್ಗೆ. ತರಗತಿಯ ದೊಡ್ಡ ಪರದೆಯ ಮೇಲೆ ನೇರ ಪ್ರಸಾರ, ಅದರ ಕೆಳಗೂ ಆ ಹುಡುಗಿಯ ಲ್ಯಾಪ್‌ಟಾಪಿನಲ್ಲೂ ನಮ್ಮ ಕ್ಯಾಪ್ಷನ್, ನಡುನಡುವೆ ಪ್ರಸಾರದ ದನಿ ತಗ್ಗಿಸಿ ವಿದ್ಯಾರ್ಥಿಗಳ ಚರ್ಚೆ. ತರಗತಿಯ ಕ್ಯಾಮೆರಾ ನನ್ನ ಪರದೆಗೂ, ಮೈಕು ನನ್ನ ಕಿವಿಗೂ ಬರುವಂತೆ ಮಾಡಿದ್ದೆವು.

ವಾರವಿಡೀ ತಯಾರಿ ಮಾಡಿದೆ. ಸದಸ್ಯರ ಹೆಸರುಗಳನ್ನೂ ಅವರ ಕ್ಷೇತ್ರಗಳ ಹೆಸರುಗಳನ್ನೂ ಸಾಫ್ಟ್‌ವೇರಿಗೆ ಒಂದೊಂದಾಗಿ ಕಲಿಸಿದೆ. ಹಳೆಯ ಚರ್ಚೆಗಳನ್ನು ಹಾಕಿಕೊಂಡು ಅಭ್ಯಾಸ ಮಾಡಿದೆ. ಆಗ ಅವರ ಒಂದು ಪದ್ಧತಿ ಗಮನಕ್ಕೆ ಬಂತು. ಒಬ್ಬರು ಮಾತನಾಡುತ್ತಿರುವಾಗ ಎದುರು ಪಕ್ಷದವರು ಎದ್ದುನಿಂತು “ಸ್ವಲ್ಪ ಅವಕಾಶ ಕೊಡುತ್ತೀರಾ?” ಎನ್ನುತ್ತಾರೆ. ಮನಸ್ಸಿದ್ದರೆ ಮಾತನಾಡುವವರು ಕೂತುಬಿಡುತ್ತಾರೆ. ಎದುರಿನವರು ಚುಚ್ಚಬೇಕಾದ್ದನ್ನು ಚುಚ್ಚಿ ಕೂರುತ್ತಾರೆ, ಮೊದಲಿನವರು ಎದ್ದು ಉತ್ತರ ಕೊಟ್ಟು ಮುಂದುವರಿಯುತ್ತಾರೆ. ಇದೆಲ್ಲ ಕ್ಷಣದಲ್ಲಿ ಆಗಿಹೋಗುತ್ತದೆ. ಕೇಳುವವರಿಗೆ ದನಿಯಲ್ಲೇ ಗೊತ್ತಾಗುತ್ತದೆ. ಓದುವವರಿಗೆ ಗೊತ್ತಾಗಬೇಕಾದರೆ ನಾನು ಆ ಕೀ ಒತ್ತಿರಬೇಕು, ಇಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಆಂಟಿಗೂ ಫೋನ್ ಮಾಡಿ ಹೇಳಿದೆ. “ಆ ಕೀ ಮೇಲಿಂದ ಬೆರಳೇ ತೆಗಿಯಲ್ಲ ಕಣೇ, ನೀ ತಲೆ ಕೆಡಿಸ್ಕೋಬೇಡ,” ಎಂದರು.

ಹಿಂದಿನ ದಿನ ಕೋಆರ್ಡಿನೇಟರ್ ಫೋನ್ ಮಾಡಿದ. ಕೇಟಿಯವರು ಬೇಡ, ಅವರನ್ನು ಬೇರೆ ಕೆಲಸಕ್ಕೆ ಹಾಕಿದ್ದೇವೆ, ನಿಮ್ಮ ಬಿಡುವಿನ ಸರದಿಗೆ ನಮ್ಮ ಹೊಸ ಸಾಫ್ಟ್‌ವೇರ್ ಓಡುತ್ತದೆ ಎಂದ. ಮನುಷ್ಯರೇ ಇಲ್ಲದೆ ತಾನಾಗಿ ಕೇಳಿ ತಾನಾಗಿ ಬರೆಯುವಂಥದ್ದು.

“ಅದಕ್ಕೆ ಮಾತಾಡೋವ್ರು ಬದಲಾಗಿದ್ದು ಗೊತ್ತಾಗತ್ತಾ?” ಎಂದು ಕೇಳಿದೆ.

“ಮುಂದಿನ ವರ್ಷನ್‌ನಲ್ಲಿ ಬರತ್ತೆ.”

“ಹಾಗಾದ್ರೆ ಆ ಹುಡುಗಿಗೆ ಮೊದಲೇ ಹೇಳಿಬಿಡೋಣ. ಈ ಭಾಗ ಯಂತ್ರದ್ದು, ಹುಷಾರು ಅಂತ.”

“ಕ್ಲೈಂಟ್‌ಗೆ ನಮ್ಮ ಒಳಗಿನ ವಿಷಯ ಹೇಳೋ ಪದ್ಧತಿ ಇಲ್ಲ. ಬೇಡ ಅಂದ್ರೆ ಹೇಳಿ, ಪೂರ್ತಿ ಕೆಲಸ ಅದರ ಕೈಗೇ ಕೊಡ್ತೀನಿ.”

ಮೈಯೆಲ್ಲ ಉರಿಯಿತು. ಬೇರೆಯವರ ಕಿವಿಯ ಮೇಲೆ ನಿಮ್ಮ ಪ್ರಯೋಗವೇ ಎಂದು ಕೂಗಬೇಕೆನ್ನಿಸಿತು. ಪೂರ್ತಿ ಯಂತ್ರದ ಪಾಲಾಗುವುದಕ್ಕಿಂತ ಅರ್ಧವಾದರೂ ನಾನಿರಲಿ ಎಂದುಕೊಂಡು ಒಪ್ಪಿದೆ. ನನ್ನ ಬಿಡುವು ಬೇಡವೆಂದರೂ ಆಗುವಂತಿರಲಿಲ್ಲ. ಯಾವಾಗ ನನ್ನ ಲೈನ್ ಕತ್ತರಿಸಿ ಯಂತ್ರಕ್ಕೆ ಕೊಡಬೇಕು ಎಂಬ ಗುಂಡಿ ಇದ್ದದ್ದು ಡಾಲಸ್‌ನಲ್ಲಿ, ಅವನ ಕೈಯಲ್ಲಿ.

ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು, ಸದ್ದು ಬರದಂತೆ ಫ್ರಿಜ್ಜು ಆರಿಸಿ, ಬಿಸಿನೀರಿನ ಫ್ಲಾಸ್ಕ್ ಹಿಡಿದು ಕ್ಲಾಸೆಟ್ಟಿನೊಳಗೆ ಬಾಗಿಲು ಹಾಕಿಕೊಂಡೆ. ಸಭಾಧ್ಯಕ್ಷರು ಚರ್ಚೆಗೆ ಕರೆ ಕೊಟ್ಟರು. ನಾನೂ ಕೊಟ್ಟೆ.

ಈ ಕೆಲಸದ ಒಂದು ವಿಚಿತ್ರವೆಂದರೆ “ಅವರು ಹೀಗೆಂದರು” ಎನ್ನುವಂತಿಲ್ಲ. ಅವರು “ನಾವು” ಎಂದರೆ ನಾನೂ “ನಾವು” ಎನ್ನಬೇಕು. ನಮ್ಮನ್ನು ಕೇಳದೆ ನಮ್ಮನ್ನು ಹೊರಗೆ ಎಳೆಯುತ್ತಿದ್ದಾರೆ ಎಂದು ಒಬ್ಬರು ಹೇಳಿದರು. ನಾನೂ ಹೇಳಿದೆ. ಇಡೀ ದೇಶ ಒಟ್ಟಾಗಿ ಕೊಟ್ಟ ತೀರ್ಪನ್ನು ಒಪ್ಪಿಕೊಳ್ಳಿ, ಅಳಬೇಡಿ ಎಂದು ಇನ್ನೊಬ್ಬರು ಹೇಳಿದರು. ಅದನ್ನೂ ನಾನೇ ಹೇಳಿದೆ. ಮೀನುಗಾರರ ಪರ, ವಿದ್ಯಾರ್ಥಿಗಳ ಪರ, ತಮ್ಮ ಊರಿನ ಆಸ್ಪತ್ರೆಯಲ್ಲಿ ದುಡಿಯುವ ಪೋಲೆಂಡಿನ ನರ್ಸುಗಳ ಪರ ಮಾತನಾಡಿದೆ. ಎಲ್ಲೂ ಮತ ಹಾಕಲಾಗದ ಹೆಂಗಸು, ಮೈಸೂರು ಸಿಲ್ಕಿನ ನಡುವೆ ಕೂತು, ಇನ್ನೊಂದು ನಾಡಿನ ಸದನದ ಎರಡೂ ಕಡೆಯವಳಾಗಿ ಜಗಳವಾಡುತ್ತಿದ್ದೆ. ನನ್ನ ಮೊದಲ ಸರದಿ ಚೆನ್ನಾಗಿಯೇ ಹೋಯಿತು. ಆ ಹುಡುಗಿ ನಮ್ಮಿಬ್ಬರ ನಡುವಿನ ಚಾಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ “ಭಾರೀ ಆಗ್ಯದರಿ ಅಕ್ಕಾ” ಎಂದು ಬರೆದಳು.

ಆಮೇಲೆ ನನ್ನ ಲೈನ್ ಕತ್ತರಿಸಿತು. ಯಂತ್ರ ಶುರುವಾಯಿತು.

ನೀರು ಕುಡಿಯುತ್ತಾ ಪರದೆ ನೋಡಿದೆ. ಪದಗಳು ಬರುತ್ತಿದ್ದವು, ಪರವಾಗಿಲ್ಲ ಎನ್ನುವಷ್ಟು ಸರಿಯಾಗಿಯೇ ಬರುತ್ತಿದ್ದವು. ಅದೇ ಅಪಾಯ. ಪೂರ್ತಿ ಕಸವಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಒಕ್ಕೂಟದಲ್ಲಿ ಉಳಿಯಲೇಬೇಕು ಎನ್ನುವ ಒಬ್ಬ ಸದಸ್ಯೆ ಮಾತನಾಡುತ್ತಿದ್ದರು. ಎದುರು ಸಾಲಿನವರೊಬ್ಬರು ಎದ್ದರು, ಆಕೆ ಅವಕಾಶ ಕೊಟ್ಟು ಕೂತರು. ಈ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ, ಇದು ಸದನದ ಸಮಯ ಹಾಳು ಮಾಡುವ ಕೆಲಸ ಎಂದು ಆತ ಹೇಳಿದ. ಆಕೆ ಎದ್ದು ಉತ್ತರಿಸಿದರು. ಯಂತ್ರ ಇದೆಲ್ಲವನ್ನೂ ಒಂದೇ ಪ್ಯಾರಾದಲ್ಲಿ, ಲೈನ್ ಕತ್ತರಿಸುವ ಮೊದಲು ನಾನು ಹಾಕಿದ್ದ ಆಕೆಯ ಹೆಸರಿನ ಕೆಳಗೇ ಸುರಿಯಿತು. ನಾನು ಕೀ ಒತ್ತಿದೆ. ಕತ್ತರಿಸಿದ ಲೈನಿಗೆ ಕೀ ಯಾವ ಲೆಕ್ಕ! ಡಾಲಸ್‌ಗೆ ಮೆಸೇಜ್ ಹಾಕಿದೆ: ನನ್ನನ್ನು ವಾಪಸ್ ಹಾಕಿ, ಮಾತುಗಳು ಕಲಸಿಹೋಗುತ್ತಿವೆ. ಉತ್ತರ ಬರಲಿಲ್ಲ.

ಆಕೆಯ ಭಾಷಣ ಮುಗಿಯುತ್ತಲೇ ಪ್ರೊಫೆಸರು ಪ್ರಸಾರದ ದನಿ ತಗ್ಗಿಸಿ, ಈ ಸದಸ್ಯೆಯ ವಾದವೇನು ಎಂದು ತರಗತಿಯನ್ನು ಕೇಳಿದರು. ಅದೇ ಹೊತ್ತಿಗೆ ನನ್ನ ಲೈನ್ ಮರಳಿ ಬಂತು. ಮೊದಲು ಕೈ ಎತ್ತಿದವಳು ಅವಳೇ. ಎರಡು ಸೆಮಿಸ್ಟರ್ ಬಾಯಿ ಮುಚ್ಚಿಕೊಂಡು ಕೂತಿದ್ದ ಹುಡುಗಿ, ಎಲ್ಲರಿಗಿಂತ ಮೊದಲು ಎದ್ದು, ಆಕೆಯೇ ಒಪ್ಪಿಕೊಂಡಿದ್ದಾರಲ್ಲ, ಇದು ಸಮಯ ಹಾಳು ಮಾಡುವ ನಿರ್ಣಯ ಎಂದು, ಹಾಗಿದ್ದೂ ಬೆಂಬಲಿಸುತ್ತಾರಲ್ಲ, ಈ ವಿರೋಧಾಭಾಸವೇ ನನಗೆ ಮುಖ್ಯವಾಗಿ ಕಾಣುತ್ತದೆ ಎಂದಳು. ಅವಳ ಒಂದೊಂದು ಮಾತನ್ನೂ ನಾನು ಮೈಕಿನಲ್ಲಿ ಮತ್ತೆ ಹೇಳಿದೆ.

ತರಗತಿ ನಕ್ಕಿತು.

ಸದ್ದುಗಳನ್ನೂ ಬರೆಯಬೇಕು ಎಂಬುದು ನಮ್ಮ ನಿಯಮ. “ನಗು” ಎಂದು ಕಂಸದಲ್ಲಿ ಹಾಕಿದೆ. ಅದನ್ನು ಹಾಕಿದ ನನ್ನ ಬೆರಳಿನ ಮೇಲೆ ನನಗೇ ಹೇಸಿಗೆಯಾಯಿತು. ಪ್ರೊಫೆಸರು ಮೆದುವಾಗಿಯೇ ತಿದ್ದಿದರು: ಅದು ಆಕೆಯ ಮಾತಲ್ಲ, ಎದುರು ಪಕ್ಷದವರದು, ಸರಿಯಾಗಿ ಗಮನಿಸಬೇಕಿತ್ತು ಎಂದರು. ಗಮನಿಸಬೇಕಿತ್ತಂತೆ! ಆ ಕೋಣೆಯಲ್ಲಿ ಅವಳಷ್ಟು ಕಣ್ಣಿಟ್ಟು ಗಮನಿಸಿದವರು ಇನ್ಯಾರಿದ್ದರು? ಆ ಮಾತನ್ನೂ ನಾನೇ ಅವಳ ಮುಂದೆ ಅಕ್ಷರ ಮಾಡಿ ಇಟ್ಟೆ.

ಚಾಟ್‌ನಲ್ಲಿ ಒಂದು ಸಾಲು ಬಂತು. “ಅಕ್ಕಾ, ನಾ ತಪ್ಪು ಓದಿದ್ನೇನ್ರಿ?”

ಕ್ಯಾಪ್ಷನರ್ ವಿಷಯದ ಬಗ್ಗೆ ಮಾತನಾಡಕೂಡದು. ಕ್ಯಾಪ್ಷನರ್ ಎಂಬ ಮನುಷ್ಯರು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತಿರಬೇಕು. ನಾನೂ ಒಪ್ಪುವ ನಿಯಮ ಅದು, ಮೊದಲ ದಿನದಿಂದ ಪಾಲಿಸಿದ ನಿಯಮ. ಇಲ್ಲ, ತಪ್ಪು ನಿನ್ನದಲ್ಲ ಎಂದು ಅವಳೊಬ್ಬಳಿಗೆ ಗುಟ್ಟಾಗಿ ಚಾಟ್‌ನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ನಕ್ಕದ್ದು ತರಗತಿ. ಎಲ್ಲರೆದುರು ಆದ ಅವಮಾನಕ್ಕೆ ಮೂಲೆಯಲ್ಲಿ ಸಮಾಧಾನ ಹೇಳುವುದು ಎಂಥ ನ್ಯಾಯ? ಮೈಕ್ ಸರಿಸಿ, ದೊಡ್ಡ ಪರದೆಗೆ ಹೋಗುವ ಸಾಲಿನಲ್ಲೇ ಕೈಯಿಂದ ಟೈಪ್ ಮಾಡಿದೆ. ಹಿಂದಿನ ಭಾಗವನ್ನು ಮನುಷ್ಯರು ಬರೆದಿಲ್ಲ, ಯಂತ್ರ ಬರೆದಿದೆ, ಮಾತನಾಡುವವರು ಬದಲಾದದ್ದನ್ನು ಅದು ತೋರಿಸಿಲ್ಲ, ವಿದ್ಯಾರ್ಥಿನಿ ಪರದೆಯಲ್ಲಿ ಇದ್ದದ್ದನ್ನೇ ಹೇಳಿದ್ದಾರೆ, ತಪ್ಪು ನಮ್ಮದು. ಕೊನೆಗೆ “ಕ್ಯಾಪ್ಷನರ್” ಎಂದು ಹಾಕಿದೆ.

ಪ್ರೊಫೆಸರು ಅದನ್ನು ಗಟ್ಟಿಯಾಗಿ ಓದಿ, ಅವಳ ಕಡೆ ತಿರುಗಿ ಕ್ಷಮಿಸಿ ಎಂದರು. ಅದನ್ನು ಬರೆಯುವಷ್ಟರಲ್ಲಿ ನನ್ನ ಲೈನ್ ಸತ್ತಿತು. ಮೆಸೇಜಿಗೆ ಉತ್ತರ ಕೊಡದ ಮನುಷ್ಯನಿಗೆ ಗುಂಡಿ ಒತ್ತಲು ಮಾತ್ರ ಪುರುಸೊತ್ತಿತ್ತು. ಉಳಿದ ಚರ್ಚೆಯನ್ನೆಲ್ಲ, ಕೊನೆಯ ಮತದಾನವನ್ನೂ ಯಂತ್ರವೇ ಬರೆಯಿತು. ಅವಳು ಅದನ್ನು ಓದಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿಟ್ಟಳಂತೆ. ನಿರ್ಣಯ ಪಾಸಾಯಿತು ಎಂದು ನಾನೇ ಫೋನಿಗೆ ಮೆಸೇಜ್ ಕಳಿಸಿದೆ. “ಲಂಡನ್‌ನವರು ಕೇಳಲಿ ಬಿಡಲಿ, ಹೇಳೋದು ಹೇಳ್ಯಾರ ನೋಡ್ರಿ,” ಎಂದು ಉತ್ತರ ಬರೆದಳು.

ನನ್ನನ್ನು ಕೆಲಸದಿಂದ ತೆಗೆಯಲು ಕಂಪನಿ ಸಂಜೆಯವರೆಗೂ ಕಾಯಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಆಸ್ಟಿನ್‌ನ ಆ ಆಫೀಸು. ಪ್ರಯೋಗ ವಿಫಲವಾಗಿದೆ, ಕ್ಯಾಪ್ಷನರ್ ಸ್ವತಃ ತಪ್ಪೊಪ್ಪಿಕೊಂಡಿದ್ದಾರೆ, ಆದ್ದರಿಂದ ಲೈವ್ ಕ್ಯಾಪ್ಷನ್ ನಂಬಿಕೆಗೆ ಯೋಗ್ಯವಲ್ಲ, ನೋಟ್ಸ್ ಪದ್ಧತಿಯೇ ಮುಂದುವರಿಯುತ್ತದೆ ಎಂದು ಅವಳಿಗೆ ತಿಳಿಸಿದರು. ನಾನು ಹೇಳಿದ ಸತ್ಯವನ್ನೇ ತಿರುಚಿ ಅವಳ ಬಾಗಿಲಿಗೆ ಬೀಗ ಹಾಕಿದ್ದರು. ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಗಂಡ “ನಿನಗ್ಯಾಕೆ ಬೇಕಿತ್ತು?” ಎಂದ. ಅವನ ಮೇಲೂ ಹಾರಾಡಿದೆ.

ಅವಳು ಮೇಲ್ಮನವಿ ಹಾಕಿದಳು. ಸಭೆಗೆ ಕರೆ ಬಂತು. ಸಭೆಗೆ ಕ್ಯಾಪ್ಷನ್ ಇರುತ್ತದೆಯೇ ಎಂದು ಕೇಳಿದ್ದಕ್ಕೆ, ಇಲ್ಲ, ಸಭೆಯ ನೋಟ್ಸ್ ಆಮೇಲೆ ಕಳಿಸುತ್ತೇವೆ ಎಂದರಂತೆ. ಕಿವಿ ಕೇಳದವಳಿಗೆ ಕ್ಯಾಪ್ಷನ್ ಕೊಡಬೇಕೋ ಬೇಡವೋ ಎಂಬ ಸಭೆಯನ್ನು ಅವಳಿಗೆ ಕೇಳದ ಹಾಗೆ ನಡೆಸುವುದು! ಕೇಟಿಯ ಆಂಟಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಅವರ ತಲೆ ನೆಟ್ಟಗಿದ್ಯಾ? ನೀ ಹೊರಡೇ. ನಾನೂ ಮಷಿನ್ ತಗೊಂಡು ಬರ್ತೀನಿ. ಯಾರು ಬೇಡ ಅಂತಾರೆ ನೋಡೇಬಿಡೋಣ,” ಎಂದರು ಆಂಟಿ.

ಅವರು ಹ್ಯೂಸ್ಟನ್ ಕಡೆಯಿಂದ, ನಾನು ಅಲೆನ್‌ನಿಂದ ಐ-35 ಹೆದ್ದಾರಿ ಹಿಡಿದು, ಆಸ್ಟಿನ್‌ನಲ್ಲಿ ಸೇರಿದೆವು. ಮೇಜಿನ ಆ ಕಡೆ ಆಫೀಸಿನ ಮುಖ್ಯಸ್ಥೆ, ಪಕ್ಕದಲ್ಲಿ ಪ್ರೊಫೆಸರು. ಇವರು ಯಾರು ಎಂದು ಮುಖ್ಯಸ್ಥೆ ಕೇಳಿದರು. “ನೀವು ಯಾರನ್ನೂ ಇಟ್ಟಿಲ್ಲವಲ್ಲ, ಆ ದಿನದ ಕ್ಯಾಪ್ಷನರನ್ನೂ ಅವರ ಜೊತೆಯವರನ್ನೂ ನಾನೇ ಕರೆದುಕೊಂಡು ಬಂದೆ,” ಎಂದು ವಿದ್ಯಾರ್ಥಿನಿ ಇಂಗ್ಲಿಷಿನಲ್ಲಿ ಹೇಳಿದಳು. ಪ್ರೊಫೆಸರು ಒಳ್ಳೆಯದಾಯಿತು ಎಂದರು. ಮುಖ್ಯಸ್ಥೆ ನಮಗೆ ಕುರ್ಚಿ ತೋರಿಸಿದರು.

ಮೊದಲ ಸರದಿ ಆಂಟಿಯದು. ಪ್ರೊಫೆಸರು ಆ ದಿನ ನಡೆದದ್ದನ್ನು ಇದ್ದ ಹಾಗೆ ಹೇಳಿದರು. ಮನುಷ್ಯರು ಬರೆದ ಭಾಗದಲ್ಲಿ ತಪ್ಪಿರಲಿಲ್ಲ, ತಪ್ಪಾದದ್ದು ಯಂತ್ರದ ಭಾಗದಲ್ಲಿ, ಅದನ್ನು ಹೇಳಿದವರನ್ನೇ ಕಾರಣ ಮಾಡಿಕೊಂಡು ಇವಳಿಗೆ ಇಲ್ಲ ಎನ್ನುವುದು ನಾಚಿಕೆಗೇಡು ಎಂದರು. ಆಮೇಲೆ ಅವಳು ಮಾತನಾಡಿದಳು. ನನಗೆ ನಾಳೆಯ ನೋಟ್ಸ್ ಬೇಡ, ತಪ್ಪು ಮಾಡುವುದಾದರೂ ಎಲ್ಲರ ಜೊತೆ ಇವತ್ತೇ ಮಾಡುತ್ತೇನೆ ಎಂದಳು.

ಅಲ್ಲಿಗೆ ನನ್ನ ಸರದಿ ಬಂತು. ಬೇರೆಯವರ ನಡುವೆ ಕೂತು ಮಾಡುವಾಗ ನಮ್ಮ ದನಿ ಹೊರಗೆ ಕೇಳದಂತೆ ಬಾಯಿಗೆ ಒತ್ತಿ ಹಿಡಿಯುವ ಒಂದು ಮಾಸ್ಕ್ ಇರುತ್ತದೆ, ಒಳಗೆ ಮೈಕ್. ಅದನ್ನು ಹಿಡಿದೆ. ಮುಖ್ಯಸ್ಥೆ ಗಂಟಲು ಸರಿಮಾಡಿಕೊಂಡು, ಆ ಕ್ಯಾಪ್ಷನರ್ ಎಲ್ಲ ನಿಯಮ ಮುರಿದಿದ್ದಾರೆ ಎಂದು ಶುರು ಮಾಡಿದರು. ಆ ಕ್ಯಾಪ್ಷನರ್ ಎದುರಿಗೇ ಕೂತಿದ್ದಾಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಂಟಿ ನನ್ನ ತೋಳು ಮುಟ್ಟಿ “ಕೊಡೇ, ಇದನ್ನ ನಾ ತಗೋತೀನಿ,” ಎಂದು ಪಿಸುಗುಟ್ಟಿದರು. ತಲೆ ಅಡ್ಡ ಆಡಿಸಿದೆ.

ಅವರು ಹೇಳಿದ್ದನ್ನೆಲ್ಲ ಹೇಳಿದೆ. ಈಕೆ ತನ್ನ ಮಿತಿ ಮೀರಿದರು, ಕಾಮಾ, ತರಗತಿಯ ನಡುವೆ ಮೂಗು ತೂರಿಸಿದರು, ಕಾಮಾ, ಇಂಥವರನ್ನು ನಂಬುವುದು ಹೇಗೆ, ಪ್ರಶ್ನಾರ್ಥಕ. ಸಿಟ್ಟಿನಿಂದ ಮಾಸ್ಕಿನೊಳಗೆ ಉಸಿರು ಬಿಸಿಯಾಗಿತ್ತು. ದನಿ ಏರಿದರೆ ಸಾಫ್ಟ್‌ವೇರ್ ತಪ್ಪು ಬರೆಯುತ್ತದೆ, ಏರಿಸಲಿಲ್ಲ. ಒಂದು ಪದವನ್ನೂ ಬಿಡಲಿಲ್ಲ, ಮೆದು ಮಾಡಲಿಲ್ಲ. ಅವಳು ಪರದೆಯಿಂದ ಕಣ್ಣು ಕೀಳದೆ ಓದುತ್ತಿದ್ದಳು. ಪ್ರೊಫೆಸರೂ ತಮ್ಮ ಕಾಗದ ಬಿಟ್ಟು ಅದನ್ನೇ ಓದತೊಡಗಿದರು. ಸ್ವಲ್ಪ ಹೊತ್ತಿಗೆ ಮುಖ್ಯಸ್ಥೆಯ ಕಣ್ಣೂ ಅತ್ತ ಹೋಯಿತು. ತಾವು ಆಡಿದ್ದು ಆಡಿದ ಹಾಗೇ ಎದುರಿಗೆ ನಿಂತದ್ದನ್ನು ಕಂಡು ಮಾತು ನಿಧಾನವಾಯಿತು.

ಮುಖ್ಯಸ್ಥೆ ಪಕ್ಕದ ಕೋಣೆಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದರು. ಈ ವಿದ್ಯಾರ್ಥಿನಿಗೆ ಓದು ಮುಗಿಯುವವರೆಗೂ ಎಲ್ಲ ಪಾಠಗಳಿಗೆ ಲೈವ್ ಕ್ಯಾಪ್ಷನ್ ಕೊಡುತ್ತೇವೆ, ಇಬ್ಬರು ಮನುಷ್ಯರು, ಯಂತ್ರವಿಲ್ಲ ಎಂದರು. ಹೇಳಿದೆ. ಈ ಕ್ಯಾಪ್ಷನರನ್ನು ಮಾತ್ರ ಎಂದಿಗೂ ಬಳಸುವುದಿಲ್ಲ, ಇದು ಷರತ್ತು ಎಂದರು. ಅದನ್ನೂ ಹೇಳಿದೆ, ಪೀರಿಯಡ್ ಹಾಕಿದೆ.

ಅವಳು ಓದಿ, ಪರದೆಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. “ಇದಕ್ಕ ನಾ ಹೂಂ ಅನ್ನಂಗಿಲ್ರಿ ಅಕ್ಕಾ,” ಎಂದಳು. ಬಾಯಿ ಮಾಸ್ಕಿನಲ್ಲಿತ್ತು, ಸರದಿ ಇನ್ನೂ ನನ್ನದೇ, ಉತ್ತರ ಕೊಡುವಂತಿರಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು, ಒಪ್ಪಿಕೋ ಎಂದು ತಲೆಯಾಡಿಸಿದೆ. ಆಮೇಲೆ ಮುಖ್ಯಸ್ಥೆಯ ಕಡೆ ತಿರುಗಿ, ಒಪ್ಪಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಕೀ ಒತ್ತಿ, ಹೊಸ ಸಾಲಿನಲ್ಲಿ ಅವಳ ಹೆಸರು ತಂದು, ಆ ಒಪ್ಪಿಗೆಯನ್ನೂ ನನ್ನ ಬಾಯಿಂದಲೇ ಹೇಳಿದೆ.